ಮನೆಯ ಮಾತು, ಗಣತಿಯ ಲೆಕ್ಕ, ಇಂಗ್ಲಿಷಿನ ಅಳತೆ: ಮುಂಬಯಿ ಕನ್ನಡಿಗರ ಭಾಷಾಸ್ಥಿತಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಈ ಮಹಾನಗರವನ್ನೇ ಕರ್ಮಭೂಮಿಯನ್ನಾಗಿಸಿಕೊಂಡ ನಮ್ಮ ಸಮುದಾಯದ ಕುರಿತು ಮಾತನಾಡುವಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಮುಂಬಯಿಯಲ್ಲಿ ಲಕ್ಷಾಂತರ ಕನ್ನಡಿಗರಿದ್ದಾರೆ ಎಂಬ ಹೆಮ್ಮೆ. ಇನ್ನೊಂದು, ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ ಎಂಬ ಕೊರಗು. ಸಭೆ ಸಮಾರಂಭಗಳಲ್ಲಿ ಈ ಎರಡನ್ನೂ ಒಂದೇ ವೇದಿಕೆಯಿಂದ, ಒಂದೇ ಸಂಜೆಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ಆದರೆ ಒಂದು ಸಮುದಾಯವು ಮನೆಯಲ್ಲಿ ಯಾವ ಭಾಷೆಯನ್ನು ಆಡುತ್ತದೆ, ಅದಕ್ಕೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದನ್ನು ಅಳೆಯುವ ಬಗೆ ಯಾವುದು, ಆ ಅಳತೆಯಲ್ಲಿ ನಾವು ಎಲ್ಲಿ ಕಾಣುತ್ತೇವೆ, ಎಲ್ಲಿ ಮಾಯವಾಗುತ್ತೇವೆ ಎಂಬುದನ್ನು ವಿಚಾರಿಸಿದವರು ಕಡಿಮೆ. ಸದಸ್ಯ ಕುಟುಂಬಗಳ ತಿಳುವಳಿಕೆಗಾಗಿ ಆ ವಿವರಗಳನ್ನು ಒಂದೆಡೆ ಸಂಗ್ರಹಿಸುವುದು ಈ ಲೇಖನದ ಉದ್ದೇಶ.

ಗಣತಿಯವರು ಕೇಳುವುದೇನು?

ನಮ್ಮ ದೇಶದಲ್ಲಿ ಭಾಷೆಯ ಲೆಕ್ಕಕ್ಕೆ ಮೂಲಾಧಾರ ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ. 1881ರಿಂದಲೂ ಭಾಷೆಯ ಪ್ರಶ್ನೆ ಅದರಲ್ಲಿದೆ. ಪ್ರಶ್ನೆಯ ಸ್ವರೂಪ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಒಮ್ಮೆ ಮಾತೃಭಾಷೆ ಯಾವುದೆಂದು, ಒಮ್ಮೆ ತಂದೆತಾಯಿಯರ ಭಾಷೆ ಯಾವುದೆಂದು, ಮತ್ತೊಮ್ಮೆ ಮನೆಯಲ್ಲಿ ಸಾಮಾನ್ಯವಾಗಿ ಆಡುವ ಭಾಷೆ ಯಾವುದೆಂದು ಕೇಳಿದ್ದುಂಟು. ಸ್ವಾತಂತ್ರ್ಯಾನಂತರದ ಗಣತಿಗಳಲ್ಲಿ ಮಾತೃಭಾಷೆಯ ಪ್ರಶ್ನೆ ಸ್ಥಿರವಾಗಿದೆ.

ಗಣತಿಯ ದೃಷ್ಟಿಯಲ್ಲಿ ಮಾತೃಭಾಷೆಯೆಂದರೆ ವ್ಯಕ್ತಿಯ ಬಾಲ್ಯದಲ್ಲಿ ತಾಯಿಯು ಆತನೊಡನೆ ಆಡಿದ ಭಾಷೆ. ಶೈಶವದಲ್ಲಿಯೇ ತಾಯಿ ತೀರಿಕೊಂಡಿದ್ದರೆ, ಆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಇನ್ನೂ ಮಾತು ಬಾರದ ಶಿಶುವಿಗೆ ತಾಯಿ ಸಾಮಾನ್ಯವಾಗಿ ಆಡುವ ಭಾಷೆಯನ್ನೇ ಬರೆದುಕೊಳ್ಳುತ್ತಾರೆ. ಒಂದೇ ಮನೆಯ ಎಲ್ಲರ ಮಾತೃಭಾಷೆಯೂ ಒಂದೇ ಆಗಿರಬೇಕಾಗಿಲ್ಲ; ಪ್ರತಿಯೊಬ್ಬರದನ್ನೂ ಪ್ರತ್ಯೇಕವಾಗಿ ಕೇಳಿ, ಹೇಳಿದಂತೆಯೇ ಬರೆದುಕೊಳ್ಳಬೇಕೆಂದು ಗಣತಿದಾರರಿಗೆ ಸೂಚನೆಯಿದೆ.

ಮಾತೃಭಾಷೆಯ ಬಳಿಕ ಬರುವ ಪ್ರಶ್ನೆ ನಮಗೆ ಇನ್ನೂ ಮುಖ್ಯವಾದುದು: ತಿಳಿದಿರುವ ಇತರ ಭಾಷೆಗಳು ಯಾವುವು? ಇಲ್ಲಿ ಗರಿಷ್ಠ ಎರಡು ಭಾಷೆಗಳನ್ನು ಮಾತ್ರ, ಪ್ರಾವೀಣ್ಯದ ಕ್ರಮದಲ್ಲಿ ಬರೆದುಕೊಳ್ಳುತ್ತಾರೆ. ಆ ಭಾಷೆಯಲ್ಲಿ ಓದುಬರಹ ಬರಬೇಕೆಂಬ ನಿಯಮವಿಲ್ಲ. ಆಡಲು, ಅರ್ಥ ಮಾಡಿಕೊಳ್ಳಲು ಬಂದರೆ ಸಾಕು.

ಹೀಗಾಗಿ ನಮ್ಮ ಗಣತಿಯಲ್ಲಿ ಇಂದು ಮನೆಯಲ್ಲಿ ಆಡುವ ಭಾಷೆ ಯಾವುದೆಂಬ ನೇರ ಪ್ರಶ್ನೆಯೂ ಇಲ್ಲ, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ ಎಂಬ ಪ್ರಶ್ನೆಯೂ ಇಲ್ಲ. ಬ್ಯಾಂಕಿನ ವ್ಯವಸ್ಥಾಪಕರೊಡನೆ ಇಂಗ್ಲಿಷಿನಲ್ಲಿ ವಾದಿಸಬಲ್ಲವರೂ, ಗಿರಾಕಿಗೆ ನಾಲ್ಕು ಮಾತು ಹೇಳಬಲ್ಲ ಹೋಟೆಲಿನ ಕೆಲಸಗಾರರೂ ಇಂಗ್ಲಿಷ್ ತಿಳಿದವರೆಂಬ ಒಂದೇ ಸಾಲಿಗೆ ಸೇರುತ್ತಾರೆ.

ಅಂಕಿಅಂಶಗಳು ಹೇಳುವುದೇನು?

2011ರ ಗಣತಿಯಲ್ಲಿ ದೇಶದಾದ್ಯಂತ ಜನರು ಹೇಳಿದ ಭಾಷೆಗಳ ಹೆಸರುಗಳು 19,569. ಅವನ್ನು ಪರಿಶೀಲಿಸಿ 1,369 ಮಾತೃಭಾಷೆಗಳೆಂದು ಗುರುತಿಸಿ, ಕೊನೆಗೆ 121 ಭಾಷೆಗಳ ಗುಂಪುಗಳಾಗಿ ವಿಂಗಡಿಸಲಾಯಿತು. ಇವುಗಳಲ್ಲಿ 22 ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳು, 99 ಅದರ ಹೊರಗಿನವು.

ನಮಗೆ ಸಂಬಂಧಿಸಿದ ಸಂಖ್ಯೆಗಳು ಹೀಗಿವೆ. ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 2001ರಲ್ಲಿ ಸುಮಾರು 3.79 ಕೋಟಿ, 2011ರಲ್ಲಿ 4.37 ಕೋಟಿ. ತುಳು ಭಾಷಿಕರು 2001ರಲ್ಲಿ 17.2 ಲಕ್ಷ, 2011ರಲ್ಲಿ 18.5 ಲಕ್ಷ. ಕೊಂಕಣಿ ಭಾಷಿಕರು 24.9 ಲಕ್ಷದಿಂದ 22.6 ಲಕ್ಷಕ್ಕೆ ಇಳಿದರು. ಕೊಂಕಣಿಯು 1992ರಲ್ಲಿ ಎಂಟನೆಯ ಅನುಸೂಚಿಗೆ ಸೇರಿತು. ತುಳು ಇನ್ನೂ ಸೇರಿಲ್ಲ. ನೀಲಗಿರಿಯ ಬಡಗ ಭಾಷೆಯನ್ನು ಗಣತಿಯು ಕನ್ನಡದ ಗುಂಪಿನಲ್ಲಿ ಸೇರಿಸುತ್ತದೆ. ತುಳುವನ್ನು ಹಾಗೆ ಸೇರಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಲೆಕ್ಕ.

ಇಂಗ್ಲಿಷನ್ನು ಮಾತೃಭಾಷೆಯೆಂದು ಹೇಳಿದವರು 2011ರಲ್ಲಿ ಇಡೀ ದೇಶದಲ್ಲಿ 2.6 ಲಕ್ಷ ಮಾತ್ರ. ಎರಡನೆಯ ಭಾಷೆಯಾಗಿ ಅದನ್ನು ಹೇಳಿದವರು 8.3 ಕೋಟಿ, ಮೂರನೆಯದಾಗಿ ಹೇಳಿದವರು ಸುಮಾರು 4.6 ಕೋಟಿ. ಒಟ್ಟು ಸುಮಾರು 12.9 ಕೋಟಿ, ಅಂದರೆ 121 ಕೋಟಿ ಜನಸಂಖ್ಯೆಯಲ್ಲಿ ಹತ್ತು ಮಂದಿಗೆ ಒಬ್ಬರಿಗಿಂತ ತುಸು ಹೆಚ್ಚು. ಎರಡು ಭಾಷೆ ಬಲ್ಲವರು ದೇಶದಲ್ಲಿ ನೂರಕ್ಕೆ 26ರಷ್ಟು, ಮೂರು ಭಾಷೆ ಬಲ್ಲವರು ನೂರಕ್ಕೆ 7ರಷ್ಟು. ನಮ್ಮ ಕಟ್ಟಡದ ಕಾವಲುಗಾರನಿಂದ ಹಿಡಿದು ಮೀನು ಮಾರುವ ಹೆಂಗಸಿನವರೆಗೆ ಎಲ್ಲರೂ ಮೂರು ಭಾಷೆ ಆಡುವ ಮುಂಬಯಿಯಲ್ಲಿ ಕುಳಿತು ನೋಡಿದರೆ ಈ ಪ್ರಮಾಣ ಕಡಿಮೆಯೆನಿಸುವುದು ಸಹಜ. ನಗರದ ಅನುಭವ ದೇಶದ ಅನುಭವವಲ್ಲ.

ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 2001ರಲ್ಲಿ ಸುಮಾರು 12.5 ಲಕ್ಷವಿದ್ದುದು 2011ರಲ್ಲಿ ಸುಮಾರು 10 ಲಕ್ಷಕ್ಕೆ ಇಳಿಯಿತು. ಈ ಸಂಖ್ಯೆಯನ್ನು ಓದುವಾಗ ಎಚ್ಚರ ಅಗತ್ಯ. ಇದರಲ್ಲಿ ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳ, ಅಕ್ಕಲಕೋಟೆ ಮತ್ತು ಜತ್ತ ತಾಲೂಕುಗಳ ಕನ್ನಡಿಗರೂ ಸೇರಿದ್ದಾರೆ. ಅವರು ವಲಸೆ ಬಂದವರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಆಚೆಗುಳಿದ, ತಲೆತಲಾಂತರದಿಂದ ಅಲ್ಲಿಯವರೇ ಆದವರು. ಇಳಿಕೆಗೆ ಊರಿಗೆ ಮರಳಿದವರು ಕಾರಣವಿರಬಹುದು, ಮರಾಠಿಗೆ ಹೊರಳಿದವರು ಕಾರಣವಿರಬಹುದು, ಉತ್ತರ ಹೇಳಿದ ಬಗೆಯೂ ಕಾರಣವಿರಬಹುದು. ಈ ಮೂರನೆಯ ಕಾರಣದ ಬಗೆಗೆ ನಮ್ಮ ಸ್ವಂತ ಅನುಭವವನ್ನು ಇಲ್ಲಿ ಹೇಳಿಕೊಳ್ಳಲೇಬೇಕು.

ನಾವೇ ಮಾಡಿದ ತಪ್ಪು

ನಮ್ಮ ಮನೆಮಾತು ತುಳು. ಉಡುಪಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ, ಕಲಾ ವಿಭಾಗದಲ್ಲಿ ಪದವಿ ಪಡೆದು, ಬ್ಯಾಂಕಿನ ನೌಕರಿಗಾಗಿ ಈ ನಗರಕ್ಕೆ ಬಂದವರು ನಾವು. 2011ರ ಗಣತಿಯ ಸಮಯದಲ್ಲಿ ಪಾಲಿಕೆಯ ಶಾಲೆಯ ಶಿಕ್ಷಕಿಯೊಬ್ಬರು ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದರು. ಕಚೇರಿಗೆ ಹೊರಡುವ ಅವಸರ. ಸ್ಥಳೀಯ ರೈಲು ತಪ್ಪಬಾರದು. ಮಾತೃಭಾಷೆ ತುಳು ಎಂದೆವು. ಇತರ ಭಾಷೆಗಳೆಂದು ಕೇಳಿದಾಗ, ನಗರದ ರೂಢಿಯಂತೆ ಬಾಯಿಗೆ ಬಂದದ್ದು ಹಿಂದಿ, ಇಂಗ್ಲಿಷ್. ಮನೆಯವರೆಲ್ಲರ ಹೆಸರಿನ ಮುಂದೆಯೂ ಅದನ್ನೇ ಬರೆಸಿ ಸಹಿ ಹಾಕಿ ಹೊರಟೆವು.

ರೈಲಿನಲ್ಲಿ ಕುಳಿತು ಎಂದಿನಂತೆ ಕನ್ನಡ ಪತ್ರಿಕೆಯನ್ನು ಬಿಡಿಸಿದಾಗಲೇ ಅರಿವಾದದ್ದು. ನಿತ್ಯವೂ ಕನ್ನಡ ಓದುವ, ಕನ್ನಡದಲ್ಲಿ ಪತ್ರ ಬರೆಯುವ, ಸಂಘದ ಸಭೆಗಳಲ್ಲಿ ಕನ್ನಡದಲ್ಲಿ ಮಾತನಾಡುವ ನಮ್ಮ ಮನೆಯಲ್ಲಿ, ಸರಕಾರದ ದಾಖಲೆಯ ಪ್ರಕಾರ, ಕನ್ನಡ ಬಲ್ಲವರು ಒಬ್ಬರೂ ಇಲ್ಲ! ತಪ್ಪು ಗಣತಿಯವರದಲ್ಲ, ಅವರು ಹೇಳಿದಂತೆ ಬರೆದುಕೊಂಡರು. ಊರಿನಿಂದ ಬಂದು ನಮ್ಮೊಡನೆ ನೆಲೆಸಿದ್ದ ತಾಯಿಯವರಿಗಂತೂ ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ಕನ್ನಡದಲ್ಲಿ ಭಾರತ ಓದಿಸಿ ಕೇಳುತ್ತಿದ್ದ ಅವರು, ನಮ್ಮ ಅವಸರದಿಂದಾಗಿ ದಾಖಲೆಯಲ್ಲಿ ಇಂಗ್ಲಿಷ್ ಬಲ್ಲವರಾದರು. ಅವರು ಇಂದಿಲ್ಲ, ಆ ದಾಖಲೆಯನ್ನು ತಿದ್ದುವ ದಾರಿಯೂ ಇಲ್ಲ.

ಈ ತಪ್ಪು ನಮ್ಮೊಬ್ಬರದೇ ಆಗಿರಲಾರದು ಎಂಬುದೇ ಚಿಂತೆಯ ವಿಷಯ.

ಕನ್ನಡಿಗರ ಮನೆಯೊಳಗಿನ ಭಾಷೆಗಳು

ಮುಂಬಯಿಯಲ್ಲಿ ಕನ್ನಡಿಗರೆಂದು ಕರೆಯಿಸಿಕೊಳ್ಳುವ ನಮ್ಮೆಲ್ಲರ ಮನೆಮಾತು ಕನ್ನಡವಲ್ಲ. ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು, ಕುಲಾಲರು ಮುಂತಾದವರಲ್ಲಿ ಹೆಚ್ಚಿನವರ ಮನೆಮಾತು ತುಳು. ಗೌಡ ಸಾರಸ್ವತರು, ಮಂಗಳೂರಿನ ಕ್ರೈಸ್ತ ಬಾಂಧವರು ಕೊಂಕಣಿಯವರು. ಬ್ಯಾರಿ ಭಾಷೆಯವರಿದ್ದಾರೆ. ಕುಂದಾಪುರದ ಕಡೆಯವರದು ಕುಂದಗನ್ನಡ, ಹವ್ಯಕರದು ಹವಿಗನ್ನಡ, ಧಾರವಾಡ ವಿಜಾಪುರಗಳ ಕಡೆಯವರದು ಉತ್ತರದ ಕನ್ನಡ. ಇಷ್ಟೂ ಮಂದಿಯನ್ನು ಒಂದುಗೂಡಿಸಿದ್ದು ಶಾಲೆಯ, ಪತ್ರಿಕೆಯ, ಯಕ್ಷಗಾನದ, ನಾಟಕದ, ಸಂಘಸಂಸ್ಥೆಗಳ ಕನ್ನಡ.

ಇದು ಕನ್ನಡಕ್ಕೆ ಹೊಸತೇನೂ ಅಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಮತ್ತು ಗಿರೀಶ ಕಾರ್ನಾಡರದು ಕೊಂಕಣಿ. ಮನೆಯಲ್ಲಿ ಒಂದು, ಬರಹದಲ್ಲಿ ಇನ್ನೊಂದು ಎಂಬ ಈ ವ್ಯವಸ್ಥೆ ನೂರಾರು ವರ್ಷಗಳಿಂದ ನಡೆದುಬಂದಿದೆ. ಆದರೆ ಇದಕ್ಕೆ ಒಂದು ಷರತ್ತಿದೆ. ಮನೆಮಾತು ಅಡುಗೆಮನೆಯಿಂದ ಬರುತ್ತದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಬರಹದ ಭಾಷೆಯನ್ನು ಮಾತ್ರ ಶಾಲೆಯೇ ಕೊಡಬೇಕು. ಊರಿನಲ್ಲಿ ತುಳು ಮನೆಯ ಮಗುವಿಗೆ ಕನ್ನಡವನ್ನು ಶಾಲೆ ಕೊಟ್ಟಿತು. ಮುಂಬಯಿಯಲ್ಲಿ ಆ ಸ್ಥಾನಕ್ಕೆ ಇಂಗ್ಲಿಷ್ ಬಂದು ಕುಳಿತಿತು. ಆದುದರಿಂದ ತುಳು, ಕೊಂಕಣಿ ಮನೆಗಳಲ್ಲಿ ಮೊದಲು ಕಳೆದುಹೋಗುವುದು ಕನ್ನಡ. ಮನೆಮಾತು ಇನ್ನೊಂದು ತಲೆಮಾರು ಉಳಿಯುತ್ತದೆ. ಕನ್ನಡವೇ ಮನೆಮಾತಾದ ಕುಟುಂಬಗಳಲ್ಲಿ ಮೊದಲು ಲಿಪಿ ಹೋಗುತ್ತದೆ, ಮಾತು ಸ್ವಲ್ಪ ಕಾಲ ಉಳಿಯುತ್ತದೆ.

ಗಣತಿಯ ಎರಡೇ ಸ್ಥಾನಗಳ ನಿಯಮವು ಈ ಸಂಗತಿಯನ್ನು ಇನ್ನಷ್ಟು ಮರೆಮಾಡುತ್ತದೆ. ಮುಂಬಯಿಯ ತುಳುವರಿಗೆ ಹಿಂದಿ, ಮರಾಠಿ, ಇಂಗ್ಲಿಷ್, ಕನ್ನಡ ನಾಲ್ಕೂ ಬರಬಹುದು. ದಾಖಲಾಗುವುದು ಎರಡು. ನಿತ್ಯದ ಬಳಕೆಯಲ್ಲಿ ಮುಂದಿರುವ ಹಿಂದಿಯೂ, ಪ್ರತಿಷ್ಠೆಯಲ್ಲಿ ಮುಂದಿರುವ ಇಂಗ್ಲಿಷೂ ಆ ಸ್ಥಾನಗಳನ್ನು ಪಡೆಯುತ್ತವೆ. ಅವರು ಮಾತೃಭಾಷೆಯ ಪಟ್ಟಿಯಲ್ಲಿ ತುಳುವರು. ಇತರ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಇಂಗ್ಲಿಷ್ ಬಲ್ಲವರು. ಕನ್ನಡದ ಯಾವ ಪಟ್ಟಿಯಲ್ಲಿಯೂ ಅವರಿಲ್ಲ.

ಇಂಗ್ಲಿಷ್: ಮೂರು ತಲೆಮಾರುಗಳ ಕಥೆ

ಮೊದಲ ತಲೆಮಾರಿನ ಇಂಗ್ಲಿಷ್ ರಾತ್ರಿಶಾಲೆಯದು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿ ಆರಂಭಿಸಿದ ಉಚಿತ ರಾತ್ರಿಶಾಲೆಯಿಂದ ತೊಡಗಿ, ನಗರದ ಹಲವೆಡೆ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲಲ್ಲಿ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಮಾಧ್ಯಮದಲ್ಲಿ ಪಾಠ ಓದಿ, ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ಬ್ಯಾಂಕುಗಳಿಗೆ ಸೇರಿದವರು, ವಕೀಲರಾದವರು, ಸ್ವಂತ ಉದ್ಯಮ ಕಟ್ಟಿದವರು ಅನೇಕರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ್ದೇ ಕರಾವಳಿಯಲ್ಲಿ; ಅವುಗಳ ಮುಂಬಯಿ ಶಾಖೆಗಳಲ್ಲಿ ಕೌಂಟರಿನ ಒಳಗೂ ಹೊರಗೂ ನಮ್ಮವರಿದ್ದ ಕಾಲವೊಂದಿತ್ತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು.

ಆ ಹಿರಿಯರ ಇಂಗ್ಲಿಷನ್ನು ಕೌಂಟರಿನಲ್ಲಿ ಕುಳಿತು ನಾವು ಬಹುಕಾಲ ಕಂಡಿದ್ದೇವೆ. ನಮೂನೆಯನ್ನು ತಪ್ಪಿಲ್ಲದೆ ತುಂಬುವರು, ಮಾತನಾಡಲು ಹಿಂಜರಿಯುವರು. ಓದುಬರಹದಲ್ಲಿ ಗಟ್ಟಿ, ಮಾತಿನಲ್ಲಿ ಸಂಕೋಚ. ಕನ್ನಡದಲ್ಲಿ ಸಹಿ ಹಾಕುವ ಹಿರಿಯ ಮಹಿಳೆಯರು ಕೆಲವರು, "ಇಂಗ್ಲಿಷಿನಲ್ಲಿ ಸಹಿ ಬರುವುದಿಲ್ಲ ಮಾರಾಯ್ರೆ, ಪರವಾಗಿಲ್ಲವೇ?" ಎಂದು ತಗ್ಗಿದ ದನಿಯಲ್ಲಿ ಕೇಳುವುದುಂಟು. ಸಹಿ ಯಾವ ಲಿಪಿಯಲ್ಲಿದ್ದರೂ ಸಹಿಯೇ, ಅಮ್ಮಾ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಅಕ್ಷರ ಬಲ್ಲವರೊಬ್ಬರು ಅಕ್ಷರ ಬಾರದವರಂತೆ ನಾಚುವ ಪರಿಸ್ಥಿತಿಯನ್ನು ಯಾವ ಗಣತಿಯೂ ಅಳೆಯಲಾರದು.

ಎರಡನೆಯ ತಲೆಮಾರಿನವರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದರು. ಇವರಿಗೆ ಮನೆಮಾತು, ಇಂಗ್ಲಿಷ್, ಹಿಂದಿ, ಮರಾಠಿ ನಾಲ್ಕೂ ಲೀಲಾಜಾಲ. ಕನ್ನಡ ಕೇಳಿದರೆ ತಿಳಿಯುತ್ತದೆ, ಫಲಕ ಓದಲು ಬರುವುದಿಲ್ಲ. ಮೂರನೆಯ ತಲೆಮಾರಿನಲ್ಲಿ, ವಿಶೇಷವಾಗಿ ತಂದೆತಾಯಿಯರ ಮನೆಮಾತು ಬೇರೆಬೇರೆಯಾದಲ್ಲಿ, ಮನೆಯೊಳಗಿನ ಮಾತೇ ಇಂಗ್ಲಿಷ್ ಅಥವಾ ಹಿಂದಿ. ಇಂತಹ ಮನೆಯ ತಾಯಿ ಮಗುವಿನೊಡನೆ ಇಂಗ್ಲಿಷ್ ಆಡಿದರೆ, ಗಣತಿಯ ವ್ಯಾಖ್ಯೆಯಂತೆ ಆ ಮಗುವಿನ ಮಾತೃಭಾಷೆ ಇಂಗ್ಲಿಷೇ ಆಗುತ್ತದೆ. ವಲಸೆ ಸಮುದಾಯಗಳ ಭಾಷೆ ಮೂರು ತಲೆಮಾರುಗಳಲ್ಲಿ ಬದಲಾಗುವ ಈ ಕ್ರಮವನ್ನು ಅಮೆರಿಕದ ಭಾಷಾವಿಜ್ಞಾನಿ ಜೋಶುವಾ ಫಿಶ್‌ಮನ್ ಅವರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. 1991ರ ತಮ್ಮ ಗ್ರಂಥದಲ್ಲಿ ಅವರು ಒತ್ತಿ ಹೇಳುವ ಸಂಗತಿ ಇದು: ಶಾಲೆ, ಪತ್ರಿಕೆ, ಸರಕಾರಗಳ ನೆರವು ಎಷ್ಟಿದ್ದರೂ, ಮನೆಯಲ್ಲಿ ಹಿರಿಯರಿಂದ ಕಿರಿಯರಿಗೆ ಭಾಷೆ ದಾಟದಿದ್ದರೆ ಅದು ಉಳಿಯುವುದು ಕಷ್ಟ.

ಇತರ ದೇಶಗಳ ಕ್ರಮ

ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ್ದಾರೆ. ಅಲ್ಲಿನ ಪ್ರಶ್ನೆಯ ಕ್ರಮ ಬೇರೆ. ಅಮೆರಿಕದಲ್ಲಿ 1980ರಿಂದ ಐದು ವರ್ಷ ಮೇಲ್ಪಟ್ಟವರ ವಿಷಯದಲ್ಲಿ ಮೂರು ಭಾಗಗಳ ಪ್ರಶ್ನೆ ಕೇಳುತ್ತಾರೆ: ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಆಡುವಿರಾ, ಅದು ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿ ಆಡುವಿರಿ. ಕೊನೆಯದಕ್ಕೆ ಅತ್ಯುತ್ತಮ, ಉತ್ತಮ, ಅಷ್ಟಾಗಿ ಇಲ್ಲ, ಬರುವುದೇ ಇಲ್ಲ ಎಂಬರ್ಥದ ನಾಲ್ಕು ಉತ್ತರಗಳು. ಅತ್ಯುತ್ತಮಕ್ಕಿಂತ ಕೆಳಗಿನ ಉತ್ತರ ಕೊಟ್ಟವರನ್ನು ಇಂಗ್ಲಿಷಿನ ನೆರವು ಬೇಕಾದವರೆಂದು ಪರಿಗಣಿಸುವುದು ವಾಡಿಕೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2011ರ ಗಣತಿಯಿಂದ ಮುಖ್ಯಭಾಷೆಯನ್ನೂ ಇಂಗ್ಲಿಷಿನ ಮಟ್ಟವನ್ನೂ ಕೇಳಲಾರಂಭಿಸಿದರು.

ಇವು ಪರೀಕ್ಷೆಗಳಲ್ಲ, ಜನರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಮಾತು. ವಿನಯಶೀಲರು ಕಡಿಮೆ ಹೇಳುತ್ತಾರೆ, ಧೈರ್ಯವಂತರು ಹೆಚ್ಚು ಹೇಳುತ್ತಾರೆ. ಆದರೂ ಒಂದು ಪಾಠ ನಮಗೆ ಇದರಿಂದ ಸಿಗುತ್ತದೆ. ಮನೆಯಲ್ಲಿ ಬೇರೆ ಭಾಷೆ ಆಡುವುದೂ ಇಂಗ್ಲಿಷ್ ಚೆನ್ನಾಗಿ ಬರುವುದೂ ಅಲ್ಲಿ ಎರಡು ಪ್ರತ್ಯೇಕ ಪ್ರಶ್ನೆಗಳು. ಒಂದು ಇನ್ನೊಂದಕ್ಕೆ ಅಡ್ಡಿಯೆಂದು ಅಲ್ಲಿಯ ಸರಕಾರವೂ ಊಹಿಸುವುದಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ, ತುಳು ಕನ್ನಡ ಆಡಿದರೆ ಮಗುವಿನ ಇಂಗ್ಲಿಷ್ ಕೆಡುತ್ತದೆ ಎಂಬ ಭಯ ಇನ್ನೂ ಇದೆ. ಮೊದಲ ಭಾಷೆಯಲ್ಲಿ ಓದುಬರಹ ಗಟ್ಟಿಯಾದರೆ ಎರಡನೆಯ ಭಾಷೆಯ ಕಲಿಕೆಗೆ ಅದು ಬಲ ಕೊಡುತ್ತದೆ ಎಂಬುದು ಶಿಕ್ಷಣತಜ್ಞರ ಅಭಿಪ್ರಾಯ. ಕನ್ನಡ ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕಿನ ಉನ್ನತ ಹುದ್ದೆಗೇರಿದ ನಮ್ಮ ಹಿರಿಯರೇ ಇದಕ್ಕೆ ಸಾಕ್ಷಿ.

ಕಾನೂನು ಮತ್ತು ಶಾಲೆ

ಸಂಖ್ಯೆಗಳಿಗೆ ಬೆಲೆ ಬರುವುದು ಇಲ್ಲಿಯೇ. ಸಂವಿಧಾನದ 29 ಮತ್ತು 30ನೆಯ ವಿಧಿಗಳು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ, ಶಿಕ್ಷಣಸಂಸ್ಥೆಗಳನ್ನು ನಡೆಸುವ ಹಕ್ಕನ್ನು ನೀಡಿವೆ. 1956ರಲ್ಲಿ ಸೇರಿಸಲಾದ 350ಎ ವಿಧಿಯು ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಸೌಲಭ್ಯ ಒದಗಿಸಲು ರಾಜ್ಯಗಳಿಗೆ ಸೂಚಿಸುತ್ತದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನಿರ್ಣಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್‌ಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಮನೆಮಾತಿನ ಮಾಧ್ಯಮವನ್ನು ಪುರಸ್ಕರಿಸಿದೆ. ಅದೇ ವರ್ಷದ ರಾಜ್ಯ ಕಾನೂನಿನಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ನೆಲದ ಭಾಷೆಯನ್ನು ಕಲಿಯುವುದು ನಮ್ಮ ಕರ್ತವ್ಯವೂ ಹೌದು.

ಇತ್ತ 2014ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರಲಾಗದು ಎಂದು ಸ್ಪಷ್ಟಪಡಿಸಿತು. ಅಂದರೆ ಆಯ್ಕೆ ಪೋಷಕರದು. ಕಾನೂನು ಸೌಲಭ್ಯವನ್ನು ಕೊಡಬಲ್ಲದು. ಬೆಂಚಿನ ಮೇಲೆ ಕುಳಿತುಕೊಳ್ಳುವ ಮಕ್ಕಳನ್ನು ಕೊಡಲಾರದು. ಸೌಲಭ್ಯ ಕೇಳುವಾಗಲೂ ಅಧಿಕಾರಿಗಳು ಮೊದಲು ಕೇಳುವುದು, ನೀವು ಎಷ್ಟು ಮಂದಿ ಎಂಬುದನ್ನೇ.

ನಾವು ಮಾಡಬಹುದಾದದ್ದು

2021ರ ಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವನ್ನಾಗಿಟ್ಟುಕೊಂಡು ಮುಂದಿನ ಗಣತಿ ನಡೆಸುವುದಾಗಿ ಕೇಂದ್ರ ಸರಕಾರವು 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿತು. ಯಾವುದೇ ಗಣತಿಯಿರಲಿ, ಸದಸ್ಯ ಕುಟುಂಬಗಳು ನೆನಪಿಡಬೇಕಾದ ಅಂಶಗಳು ಇವು:

1. ಮನೆಯ ಪ್ರತಿಯೊಬ್ಬರ ಉತ್ತರವನ್ನೂ ಪ್ರತ್ಯೇಕವಾಗಿ ಯೋಚಿಸಿಟ್ಟುಕೊಳ್ಳಿರಿ. ಯಜಮಾನರ ಉತ್ತರವೇ ಎಲ್ಲರ ಉತ್ತರವಲ್ಲ.

2. ಮಾತೃಭಾಷೆ ತುಳುವಾಗಿದ್ದರೆ ತುಳುವೆಂದೇ, ಕೊಂಕಣಿಯಾಗಿದ್ದರೆ ಕೊಂಕಣಿಯೆಂದೇ ಹೇಳಿರಿ. ಕನ್ನಡದ ಸಂಖ್ಯೆ ಹೆಚ್ಚಲೆಂದು ಸುಳ್ಳು ಹೇಳುವುದು ತರವಲ್ಲ. ಆ ಭಾಷೆಗಳಿಗೂ ಲೆಕ್ಕ ಬೇಕು.

3. ಇತರ ಭಾಷೆಗಳನ್ನು ಹೇಳುವಾಗ ಪ್ರಾಮಾಣಿಕವಾಗಿ ಯಾವುದು ಹೆಚ್ಚು ಬರುತ್ತದೆಂದು ನೋಡಿರಿ. ಕನ್ನಡದಲ್ಲಿ ಓದಿ ಬರೆಯುವವರು ಅದನ್ನು ಹೇಳಲು ಮರೆಯಬೇಡಿರಿ. ಹಿಂದಿ, ಇಂಗ್ಲಿಷ್ ಎಂಬುದು ಬಾಯಿಪಾಠದ ಉತ್ತರವಾಗಬಾರದು.

4. ಇಂಗ್ಲಿಷ್ ಬಾರದ ಹಿರಿಯರ ಹೆಸರಿನ ಮುಂದೆ ಇಂಗ್ಲಿಷ್ ಬರೆಸಬೇಡಿರಿ. ಅದು ಬಾರದಿರುವುದು ಅಪಮಾನವಲ್ಲ.

5. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ, ದಿನಕ್ಕೆ ಒಂದು ಹೊತ್ತಾದರೂ ಮೊಮ್ಮಕ್ಕಳೊಡನೆ ಅವರ ಭಾಷೆಯಲ್ಲಿಯೇ ಮಾತು ನಡೆಯಲಿ. ಸಂಘಗಳ ಕನ್ನಡ ಕಲಿಕೆಯ ತರಗತಿಗಳು ಅಕ್ಷರ ಕಲಿಸಬಲ್ಲವು. ಮಾತು ಮನೆಯಿಂದಲೇ ಬರಬೇಕು.

ನಮ್ಮ ತಾಯಿಯವರ ಕೊನೆಯ ದಿನಗಳಲ್ಲಿ ಮೊಮ್ಮಗಳು ಅವರ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಇವರು ತುಳುವಿನಲ್ಲಿ ಕೇಳುವರು, ಅವಳು ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರಿಸುವಳು, ಇವರಿಗೆ ಅರ್ಧ ತಿಳಿಯುವುದು. ಪ್ರೀತಿಗೆ ಕೊರತೆಯಿರಲಿಲ್ಲ, ಮಾತಿಗೆ ಇತ್ತು. ಅವಳಿಗೆ ಇಂಗ್ಲಿಷ್ ಕಲಿಸಿದ್ದಕ್ಕೆ ನಮಗೆ ಪಶ್ಚಾತ್ತಾಪವಿಲ್ಲ. ಅದರ ಜೊತೆಗೆ ಇನ್ನೊಂದನ್ನು ಕಲಿಸಲು ಬೇಕಾಗಿದ್ದುದು ದುಡ್ಡೂ ಅಲ್ಲ, ಶಾಲೆಯೂ ಅಲ್ಲ, ಮನೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಎಂಬುದು ಆಗ ಹೊಳೆಯಲಿಲ್ಲ. ಓದುಗ ಬಂಧುಗಳ ಮನೆಯಲ್ಲಿ ಅದು ಸಕಾಲದಲ್ಲಿ ಹೊಳೆಯಲಿ ಎಂಬುದೇ ನಮ್ಮ ಆಶಯ.